ಹಿಂದಕ್ಕೆ ಹೋದ ಬಸ್ಸು

ಯೆಫೀಮ್ ಲೊಪಾತಿನ್‌ನನ್ನು ಮೊದಲು ಕಂಡ ದಿನ ನಾನು ಅವನ ಕೈಲಿ ಬಾಯ್ಲರು ತುಂಬ ನೀರು ಹೊರಿಸಿದೆ. ಎಪ್ಪತ್ತೆಂಟನೆಯ ಇಸವಿ, ವ್ಯಾತ್ಕಾ ಹೊಳೆಯ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದ ವಾರ. ನಮ್ಮ ಲುಗೊವ್ಸ್ಕ್‌ನ ಹಡಗು ರಿಪೇರಿ ಕಾರ್ಖಾನೆಗೆ ಆಗ ಒಂದು ಫುಟ್‌ಬಾಲ್ ತಂಡವಿತ್ತು, ‘ಬುಕ್ಸಿರ್’ ಎಂದು ಹೆಸರು, ಹಡಗು ಎಳೆಯುವ ದೋಣಿ ಎಂದರ್ಥ. ಆ ತಂಡದ ಬಟ್ಟೆ ಒಗೆಯುವುದು ನನ್ನ ಕೆಲಸ. ತಂಡದ ಬಸ್ಸು ಓಡಿಸುವುದು ನನ್ನ ಗಂಡ ಪ್ರೋಖರನ ಕೆಲಸ. ಚಳಿಗೆ ನಲ್ಲಿಯ ಪೈಪು ಬಿರುಕು ಬಿಟ್ಟಿತ್ತು, ಅದನ್ನು ಸರಿಮಾಡುವವನಿಗಾಗಿ ಬೆಳಗಿನಿಂದ ಕಾದು ನನಗೆ ತಲೆ ಕೆಟ್ಟಿತ್ತು. ಆಗ ಬಾಗಿಲಲ್ಲಿ ಒಬ್ಬ ಉದ್ದನೆಯ ಹುಡುಗ ಬಗ್ಗಿ ಒಳಗೆ ನೋಡಿದ.

“ಈಗ ಬಂದ್ಯಾ? ಮಹಾರಾಜರಿಗೆ ಈಗ ಬೆಳಗಾಯ್ತಾ? ಪೈಪು ಆಮೇಲೆ ನೋಡುವಂತೆ, ಮೊದಲು ಆ ಬಕೆಟ್ಟು ಹಿಡಿ” ಎಂದೆ.

ಅವನು ಚೀಲ ಕೆಳಗಿಟ್ಟು ಬಕೆಟ್ಟು ಹಿಡಿದ. ಅಂಗಳದ ಬಾವಿಯಿಂದ ಸೇದಿ ಸೇದಿ ತಂದು ಸುರಿದ. ಬಾಯ್ಲರು ತುಂಬಿದ ಮೇಲೆ ಅಂಗಿಗೆ ಕೈ ಒರೆಸಿಕೊಂಡು, “ಅಮ್ಮಾ, ಇನ್ನು ಮೈದಾನ ಎಲ್ಲಿದೆ ತೋರಿಸ್ತೀರಾ?” ಎಂದ.

“ಮೈದಾನದಲ್ಲಿ ನಿನಗೇನು ಕೆಲಸ?”

“ನಾನು ಗೋಲ್‌ಕೀಪರು. ಕೋಚ್ ಬರೋಕೆ ಹೇಳಿದ್ರು.”

“ಅಯ್ಯೋ ನಿನ್ನ! ಇದನ್ನ ಮೊದಲೇ ಹೇಳೋಕೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಇಲ್ಲಿ ಪರೀಕ್ಷೆ ಹೀಗೇ ಮಾಡ್ತಾರೇನೋ ಅಂದ್ಕೊಂಡೆ.”

ತಮಾಷೆಗೆ ಹೇಳಿದ್ದಲ್ಲ ಅದು. ಅವನ ಸ್ವಭಾವವೇ ಹಾಗೆ. ತಲೆಯ ಮೇಲೆ ಏನು ಬಿದ್ದರೂ ತನಗೆ ಸಲ್ಲಬೇಕಾದದ್ದೇ ಬಿದ್ದಿತು ಎನ್ನುವವನು.

ಹದಿನೇಳು ವರ್ಷದವನು, ಹೊಳೆಯ ಮೇಲ್ಗಡೆಯ ಒಂದು ಹಳ್ಳಿಯಿಂದ ಬಂದಿದ್ದ. ತಾಯಿ ತಂದೆ ಇಬ್ಬರೂ ಇರಲಿಲ್ಲ. ಮಲಗುವುದು ತಂಡದ ಹಾಸ್ಟೆಲಿನಲ್ಲಿ, ಉಣ್ಣುವುದು ನಮ್ಮ ಮನೆಯಲ್ಲಿ ಎಂದು ಆಗಿಹೋಯಿತು. ನನ್ನನ್ನು ಗ್ಲಾಶತ್ತೆ ಎಂದ, ಪ್ರೋಖರನನ್ನು ಮಾವ ಎಂದ. ಎಲೆಕೋಸಿನ ಸಾರಿಗೆ ಹುಳಿ ಕೆನೆ ಹಾಕಿಕೊಟ್ಟರೆ ಪಾತ್ರೆಯ ತಳ ಕಾಣುವವರೆಗೆ ತಲೆ ಎತ್ತುತ್ತಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ನಾವು ಮೂವರೂ ಒಂದು ದಿನವೂ ಮಾತಾಡಲಿಲ್ಲ.

ಆಟಕ್ಕೆ ಹೊರಟ ಬಸ್ಸು ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಹೋಗಬಾರದು, ಹೋದರೆ ಕೇಡು ತಪ್ಪದು ಎಂದು ನಂಬಿಕೆ. ಇದು ನಮ್ಮೂರಲ್ಲಿ ಹುಟ್ಟಿದ್ದಲ್ಲ, ಎಲ್ಲ ತಂಡದವರೂ ಪಾಲಿಸುತ್ತಾರೆ. ಸಂದಿಯಲ್ಲಿ ಸಿಕ್ಕಿಕೊಂಡರೆ ಇಡೀ ಊರು ಸುತ್ತಿ ಬಂದಾರೇ ಹೊರತು ಹಿಂದಕ್ಕೆ ತೆಗೆಯುವುದಿಲ್ಲ. ಒಮ್ಮೆ ಹುಲ್ಲಿನ ಗಾಡಿಯೊಂದು ದಾರಿಗೆ ಅಡ್ಡ ನಿಂತಿದ್ದಾಗ ಆಟಗಾರರೇ ಇಳಿದು ಹುಲ್ಲನ್ನೆಲ್ಲ ಕೆಳಗೆ ಹಾಕಿ, ಗಾಡಿ ತಿರುಗಿಸಿ, ಮತ್ತೆ ಹುಲ್ಲು ಹೇರಿಕೊಟ್ಟಿದ್ದರು. ಸವೇಲಿ ಎಂಬ ಆಟಗಾರ ಅದನ್ನು ನೋಡಿ, “ಹಿಂದಕ್ಕೆ ಹೋದ್ರೆ ಚೆಂಡು ಚೌಕ ಆಗತ್ತಾ?” ಎಂದು ನಕ್ಕಿದ್ದ. ಆ ವರ್ಷದ ಮೂರು ಸೋಲನ್ನು ಅವನ ತಲೆಗೆ ಕಟ್ಟಿ ಮುಂದಿನ ವರ್ಷ ತಂಡದಿಂದ ಕಳಿಸಿಬಿಟ್ಟರು.

ಆದರೆ ನಮ್ಮೂರಿನಿಂದ ಆಚೆ ದಡಕ್ಕೆ ಹೋಗಲು ಲಾಂಚ್ ಹತ್ತಬೇಕು. ಆ ಲಾಂಚಿಗೆ ಒಂದೇ ಬಾಯಿ. ಬಸ್ಸು ಮುಂದಾಗಿ ಒಳಗೆ ಹೋದರೆ ಆಚೆ ದಡದಲ್ಲಿ ಹಿಂದಾಗಿಯೇ ಹೊರಗೆ ಬರಬೇಕು. ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ದಡ ಬಂದ ತಕ್ಷಣ ಆಟಗಾರರೆಲ್ಲ ಇಳಿದು ನಡೆಯುವುದು, ಪ್ರೋಖರ್ ಖಾಲಿ ಬಸ್ಸನ್ನು ಹಿಂದಕ್ಕೆ ತೆಗೆಯುವುದು, ಆಮೇಲೆ ಎಲ್ಲರೂ ಹತ್ತುವುದು. ಖಾಲಿ ಬಸ್ಸು ಎತ್ತ ಹೋದರೂ ಲೆಕ್ಕಕ್ಕಿಲ್ಲ. ಜನ ಕೂತ ಬಸ್ಸು ಹೋಗಬಾರದು, ಅಷ್ಟೆ. ಮಳೆಯಿರಲಿ, ಹಿಮ ಬೀಳಲಿ, ಇಳಿಯುತ್ತಿದ್ದರು.

ಎಂಬತ್ತಮೂರನೆಯ ಇಸವಿಯ ಅಕ್ಟೋಬರಿನಲ್ಲಿ ವರ್ಷದ ಕೊನೆಯ ಆಟ. ಆಚೆ ದಡದ ತಂಡದ ಮೇಲೆ. ದಕ್ಷಿಣದ ಒಂದು ದೊಡ್ಡ ತಂಡದವರು ಯೆಫೀಮನನ್ನು ನೋಡಲು ಒಬ್ಬರನ್ನು ಕಳಿಸುತ್ತಾರೆ ಎಂದು ಸುದ್ದಿಯಿತ್ತು. ಹಿಂದಿನ ದಿನವೇ ಯೆಫೀಮನಿಗೆ ಜ್ವರ ಬಂತು. ಕೋಚಿಗೆ ಗೊತ್ತಾದರೆ ಹೊರಗೆ ಕೂರಿಸುತ್ತಾನೆಂದು ಸುಮ್ಮನಿದ್ದ. ರಾಸ್ಪ್‌ಬೆರಿ ಹಣ್ಣಿನ ಪಾಕ ಹಾಕಿದ ಚಹಾ ಕುಡಿಸಿದೆ. ಬೆಳಿಗ್ಗೆ ಎದ್ದು ಬಸ್ಸು ಹತ್ತಿದ.

ಆ ಸಂಜೆ ಪ್ರೋಖರ್ ಮನೆಗೆ ಬಂದಾಗ ಟೋಪಿ ಕೂಡ ತೆಗೆಯದೆ ಬೆಂಚಿನ ಮೇಲೆ ಕೂತ. ಸಾರು ಬಡಿಸಿದೆ. ಮುಟ್ಟಲಿಲ್ಲ.

“ಸೋತ್ರಾ?”

“ಗೆದ್ವಿ.”

“ಹುಡುಗ?”

“ಪೆನಾಲ್ಟಿ ಹಿಡಿದ. ಅದನ್ನ ಬಿಟ್ಟು ಇನ್ನೂ ನಾಕು ಹಿಡಿದ. ದಕ್ಷಿಣದೋನು ಎದ್ದು ನಿಂತು ಚಪ್ಪಾಳೆ ಹೊಡೆದ.”

“ಮತ್ಯಾಕೋ ನಿನ್ನ ಮುಖ ಹೀಗಿದೆ? ಯಾರಾದ್ರೂ ಸತ್ರಾ?”

“ಇನ್ನೂ ಇಲ್ಲ” ಎಂದ.

ಆಮೇಲೆ ಹೇಳಿದ. ಆಚೆ ದಡದಲ್ಲಿ ಎಲ್ಲರೂ ಇಳಿದರು. ಮಳೆ ಹನಿಯುತ್ತಿತ್ತು, ಕೋಚ್ ಬೇಗ ಬೇಗ ಎಂದು ಕೂಗುತ್ತಿದ್ದ. ಪ್ರೋಖರ್ ಗೇರು ಹಾಕಿ ಹಿಂದಕ್ಕೆ ತೆಗೆದ. ಹಿಂದಿನ ಗಾಲಿ ಲಾಂಚಿನ ಹಲಗೆ ದಾಟುವಾಗ ತಲೆಯ ಮೇಲಿನ ಕನ್ನಡಿಯಲ್ಲಿ ಕೊನೆಯ ಸೀಟಿನ ಕೋಟುಗಳ ರಾಶಿ ಅಲುಗಿತು. ಅದರೊಳಗಿಂದ ಯೆಫೀಮ್ ಎದ್ದು ಕೂತ. ಜ್ವರದ ನಿದ್ದೆಗೆ ಇಳಿಯುವುದೇ ಅವನಿಗೆ ತಿಳಿದಿರಲಿಲ್ಲ. ಕಿಟಕಿಯಲ್ಲಿ ಲಾಂಚಿನ ಕಂಬಿ ಮುಂದಕ್ಕೆ ಜಾರುವುದನ್ನು ನೋಡಿದ. ಆಮೇಲೆ ಕನ್ನಡಿಯಲ್ಲಿ ಮಾವನ ಕಣ್ಣು ನೋಡಿದ.

“ನಿಲ್ಲಿಸಬಾರದಿತ್ತಾ?” ಎಂದೆ.

“ಎಲ್ಲಿ ನಿಲ್ಲಿಸ್ಲಿ, ಹಲಗೆ ಮೇಲಾ? ಒದ್ದೆ ಕಬ್ಬಿಣ, ಕೆಳಗೆ ಹೊಳೆ. ಹಿಂದಕ್ಕೇ ಹೋಗ್ಬೇಕಾಗಿತ್ತು ಗ್ಲಾಶಾ. ದಡದವರೆಗೂ ಅವನು ನನ್ನನ್ನ ನೋಡ್ತಾ ಇದ್ದ, ನಾನು ಅವನನ್ನ ನೋಡ್ತಾ ಇದ್ದೆ.”

“ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ. ಹಿಂದಿನ ಬಾಗಿಲಲ್ಲಿ ಇಳಿದು ಗುಂಪಲ್ಲಿ ಸೇರ್ಕೊಂಡ.”

“ಮತ್ತೆ ಗೆದ್ರಲ್ಲ. ಅಲ್ಲಿಗೆ ಮುಗೀತಲ್ಲ.”

ಪ್ರೋಖರ್ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದ. “ಸೋತಿದ್ರೆ ಮುಗೀತಿತ್ತು. ಸೋಲಲಿಲ್ಲವಲ್ಲ. ಆ ಕೇಡು ಎಲ್ಲೋ ಕಾದು ಕೂತಿದೆ ಈಗ.”

ಎರಡು ದಿನ ಬಿಟ್ಟು ಯೆಫೀಮ್ ಒಗೆಯುವ ಮನೆಗೆ ಬಂದ. ಕೈಗವಸು ತಂದಿದ್ದ, ಅವನದನ್ನು ನಾನೇ ಉಗುರುಬೆಚ್ಚಗಿನ ನೀರಲ್ಲಿ ಬೇರೆಯಾಗಿ ತೊಳೆಯುತ್ತಿದ್ದೆ. ಅದನ್ನು ಕೈಗೆ ಕೊಡದೆ ನಿಂತೇ ಇದ್ದ.

“ಗ್ಲಾಶತ್ತೆ, ಏನೂ ಆಗಿಲ್ಲ ತಾನೆ?”

“ಏನಾಗ್ಬೇಕಿತ್ತು?”

“ಮಾವ ಚೆನ್ನಾಗಿದಾನಾ?”

“ಎರಡು ತಟ್ಟೆ ಗಂಜಿ ತಿಂದು ಗೊರಕೆ ಹೊಡೀತಿದಾನೆ. ನಿನ್ನ ಜ್ವರ?”

“ಹೋಯ್ತು.” ಕೈಗವಸು ಹಿಂಡುತ್ತ, “ಸ್ಟೀರಿಂಗ್ ಹಿಡಿದಿದ್ದೋನ ಮೇಲೆ ಬೀಳತ್ತಾ, ಒಳಗೆ ಕೂತಿದ್ದೋನ ಮೇಲೆ ಬೀಳತ್ತಾ?” ಎಂದ.

ನಾನು ಬಟ್ಟೆ ಒಗೆಯುವವಳು. ಇದಕ್ಕೆ ಏನು ಹೇಳಲಿ? “ಗಾಳಿ ಮೇಲೆ ಬೀಳತ್ತೆ, ಹೋಗು” ಎಂದೆ. ಅವನು ನಗಲಿಲ್ಲ. ಕೋಚಿಗೆ ಹೇಳಿಬಿಡಲೇ ಎಂದು ಕೇಳಿದ. ಸವೇಲಿಗೆ ಆದದ್ದು ನೆನಪಿದೆಯಾ ಎಂದೆ. ಬರೀ ನಕ್ಕವನಿಗೇ ಹಾಗೆ ಮಾಡಿದರು, ಬಸ್ಸಲ್ಲೇ ಕೂತವನನ್ನು ಉಳಿಸುತ್ತಾರೆಯೇ? ದಕ್ಷಿಣದವರ ಕಿವಿಗೂ ಮುಟ್ಟುತ್ತಿತ್ತು. ಹೀಗೆ ಆ ಮಾತು ನಮ್ಮ ಮೂವರಲ್ಲೇ ಉಳಿಯಿತು. ತಂಡವಂತೂ ಬಿಡಿ, ನಮ್ಮ ಪಕ್ಕದ ಮನೆಯ ಕಪಿತೋಲೀನಳಿಗೂ ತಿಳಿಯಲಿಲ್ಲ. ಅವಳಿಗೆ ತಿಳಿಯದ ಸಂಗತಿ ನಮ್ಮ ಬೀದಿಯಲ್ಲಿ ಇದೊಂದೇ ಇದ್ದೀತು.

ಜನವರಿಯಲ್ಲಿ ಅವನು ದಕ್ಷಿಣಕ್ಕೆ ಹೊರಟ. ಪ್ರಯಾಣಕ್ಕೆ ಮುಂಚೆ ಒಂದು ಗಳಿಗೆ ಕೂರುವುದು ನಮ್ಮ ಪದ್ಧತಿ, ಮೂವರೂ ಕೋಟು ಹಾಕಿಕೊಂಡೇ ಬೆಂಚಿನ ಮೇಲೆ ಸುಮ್ಮನೆ ಕೂತೆವು. ಕೂತವನು ಏಳಲೇ ಇಲ್ಲ.

“ಏಳೋ, ರೈಲೇನು ನಿಮ್ಮ ಮಾವ ಓಡಿಸೋದಲ್ಲ, ಕಾಯೋಲ್ಲ ಅದು” ಎಂದ ಪ್ರೋಖರ್.

“ರೈಲು ಹಿಂದಕ್ಕೆ ಹೋದ್ರೆ?” ಎಂದ ಯೆಫೀಮ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪ್ರೋಖರ್ ಅವನ ಚೀಲ ತಾನೇ ಎತ್ತಿಕೊಂಡ.

ಅಲ್ಲಿ ಮೊದಲ ಎರಡು ವರ್ಷ ಬೆಂಚಿನ ಮೇಲೆ ಕೂತ. ಆಮೇಲೆ ಹಳೆಯ ಗೋಲ್‌ಕೀಪರ್ ಭುಜ ಮುರಿದುಕೊಂಡ ಮೇಲೆ ಇವನನ್ನು ನಿಲ್ಲಿಸಿದರು, ಮತ್ತೆ ಹತ್ತು ವರ್ಷ ಅಲ್ಲಿಂದ ಕದಲಲಿಲ್ಲ. ದೇಶದ ಮೇಲಿನ ದರ್ಜೆಯ ಲೀಗು. ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಗೋಡೆಗೆ ಅವನ ಚಿತ್ರ ಅಂಟಿಸಿದ್ದರು. ಎರಡು ಕೈಯನ್ನೂ ಮೇಲಕ್ಕೆ ಚಾಚಿ ಹಾರಿರುವುದು. ಪತ್ರಿಕೆಯಲ್ಲಿ ಅವನನ್ನು ಧೈರ್ಯವಂತ ಎಂದು ಬರೆದರು. ಪ್ರೋಖರ್ ಅದನ್ನು ಓದಿ ಹೇಳಿದಾಗ ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕೂತೆ. ಆ ಹುಡುಗ ಹೆದರಿದಷ್ಟು ಹೆದರಿದವನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಪ್ರತಿ ಆಟದ ಮುಂಚೆ ಒಗೆಯುವ ಮನೆಯ ಫೋನು ಹೊಡೆಯುತ್ತಿತ್ತು.

“ಗ್ಲಾಶತ್ತೆ, ಏನೂ ಆಗಿಲ್ಲ ತಾನೆ?”

“ಇಲ್ಲ.”

“ಮಾವ?”

“ಕೆಮ್ತಿದಾನೆ.”

“ತುಂಬಾನಾ?”

“ಹೋದ ವಾರ ನೀನು ಬಿಟ್ಟ ಗೋಲಿಗಿಂತ ಕಮ್ಮಿ.”

ಆಗ ಮಾತ್ರ ಒಂದು ಸಣ್ಣ ನಗು ಕೇಳುತ್ತಿತ್ತು. ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಪ್ರೋಖರ್. “ಏನಂದ? ಕೈ ಕಾಲು ನೆಟ್ಟಗಿದೆಯಾ? ಮೊಣಕಾಲು?” ರೇಡಿಯೋದಲ್ಲಿ ಆಟ ಬರುವ ದಿನ ಅವನು ರೇಡಿಯೋ ಹಾಕುತ್ತಿರಲಿಲ್ಲ, ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ನಾನು ಕೇಳಿ, ಮುಗಿದ ಮೇಲೆ ಕಿಟಕಿ ತಟ್ಟಬೇಕು. ಸೋಲು ಗೆಲುವು ಕೇಳುತ್ತಿರಲಿಲ್ಲ. “ಎದ್ದು ನಡ್ಕೊಂಡು ಹೊರಗೆ ಬಂದ್ನಾ?” ಅಷ್ಟೆ.

ಅದು ಹುಡುಗನ ಮೇಲೆ ಬೀಳುತ್ತದೆಂದು ಇವನಿಗೆ ಭಯ. ಮಾವನ ಮೇಲೆ ಬೀಳುತ್ತದೆಂದು ಅವನಿಗೆ ಭಯ. ನಡುವೆ ಫೋನು ಹಿಡಿದು ನಾನು. ನಾನು ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೂ ಫೋನು ಬರುವುದು ಸ್ವಲ್ಪ ತಡವಾದರೆ ಸೋಪಿನ ಕೈಯಲ್ಲೇ ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಅಲ್ಲಿನ ಆಟಗಾರರು ಅವನಿಗೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದರು. ಎಲ್ಲಿ ಬಸ್ಸು ನಿಂತರೂ ಮೊದಲು ಇಳಿದು, ಒಬ್ಬೊಬ್ಬರನ್ನೂ ಇಳಿಸಿ, ಮತ್ತೆ ಒಳಗೆ ಹೋಗಿ ಸೀಟುಗಳ ಕೆಳಗೆ ಬಗ್ಗಿ ನೋಡಿ ಬರುತ್ತಿದ್ದನಂತೆ. ಏಕೆಂದು ಅವರಿಗೆ ಗೊತ್ತಿಲ್ಲ. ಅಲ್ಲಿಯೇ ಜಿನಾಯಿದಾ ಎಂಬ ಹುಡುಗಿಯನ್ನು ಮದುವೆಯಾದ. ಒಂದು ಬೇಸಿಗೆ ಇಬ್ಬರೂ ಕಾರಿನಲ್ಲಿ ನಮ್ಮೂರಿಗೆ ಬಂದರು. ನಮ್ಮ ಓಣಿಯ ಬಾಯಲ್ಲಿ ಕಾರು ಹಿಂದಕ್ಕೆ ತೆಗೆಯಬೇಕಾಗಿ ಬಂತು, ಆ ಹೆಣ್ಣುಮಗಳು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕೆಸರಿಗೆ ಇಳಿದಳು.

“ನೋಡಿ ಅತ್ತೆ, ಆರು ವರ್ಷದಿಂದ ಹೀಗೇ ಇಳೀತಿದೀನಿ. ಆಟಗಾರನ್ನ ಕಟ್ಕೊಂಡೆ ಅಂತ ಊರೆಲ್ಲ ಹೊಟ್ಟೆ ಉರ್ಕೊಳತ್ತೆ. ನಾನು ಕಟ್ಕೊಂಡಿರೋದು ಒಂದು ಬಸ್ಸನ್ನ” ಎಂದಳು.

ಕಪಿತೋಲೀನಾ ಬಿದ್ದು ಬಿದ್ದು ನಕ್ಕಳು. ಪ್ರೋಖರ್ ಎದ್ದು ಕೊಟ್ಟಿಗೆಗೆ ಹೋದ.

ತೊಂಬತ್ತಾರರ ಮಾರ್ಚಿನಲ್ಲಿ ಪ್ರೋಖರ್ ತೀರಿಕೊಂಡ. ಶ್ವಾಸಕೋಶ. ಮೂರು ಚಳಿಗಾಲದಿಂದ ಕೆಮ್ಮುತ್ತಿದ್ದ, ವೈದ್ಯರು ಸಿಗರೇಟು ಬಿಡು ಎಂದರೆ ಅವರ ಮುಂದೆಯೇ ಹಚ್ಚುತ್ತಿದ್ದ. ಯೆಫೀಮ್ ಆ ವಾರದ ಆಟ ಬಿಟ್ಟು ಬಂದ. ಶವದ ಪೆಟ್ಟಿಗೆ ಹೊತ್ತ ಲಾರಿ ಸ್ಮಶಾನದ ದಾರಿಯ ಹಿಮದಲ್ಲಿ ಹೂತುಕೊಂಡಿತು. ಚಾಲಕ ಹಿಂದಕ್ಕೆ ತೆಗೆದು ಮತ್ತೆ ನುಗ್ಗಿಸುತ್ತೇನೆಂದು ಗೇರು ಹಾಕಿದ. ಯೆಫೀಮ್ ಓಡಿ ಹೋಗಿ ಲಾರಿಯ ಹಿಂಭಾಗಕ್ಕೆ ಎರಡೂ ಅಂಗೈ ಒತ್ತಿ ನಿಂತುಬಿಟ್ಟ.

“ಏಯ್, ತಲೆ ಕೆಟ್ಟಿದೆಯಾ? ಗಾಲಿ ಕೆಳಗೆ ಹೋಗ್ತೀಯ!” ಎಂದು ಚಾಲಕ ಕೂಗಿದ.

“ಇಳಿಸ್ರಿ ಅವನನ್ನ. ಹೊತ್ಕೊಂಡು ಹೋಗೋಣ” ಎಂದ ಯೆಫೀಮ್.

ಹಾಗೆಯೇ ಹೊತ್ತರು. ಮುಂದಿನ ಎಡಗಡೆಯ ಹೆಗಲು ಅವನದು. ಮಂಡಿಯವರೆಗೆ ಹಿಮ. ಉಳಿದವರು ಬೈದುಕೊಂಡೇ ನಡೆದರು.

ಊಟದ ಹೊತ್ತಿಗೆ, ಸತ್ತವನ ಪಾಲೆಂದು ಪ್ರೋಖರನ ಗ್ಲಾಸಿನ ಮೇಲೆ ಕಪ್ಪು ಬ್ರೆಡ್ಡಿನ ತುಂಡು ಇಟ್ಟಿದ್ದೆವು. ಯೆಫೀಮ್ ಅದನ್ನೇ ನೋಡುತ್ತಿದ್ದ. ಬೇರೆಯವರು ಹೊರಗೆ ಹೋದ ಮೇಲೆ, “ಬಿತ್ತು ಗ್ಲಾಶತ್ತೆ. ನನ್ನದನ್ನ ಅವನು ತಗೊಂಡ” ಎಂದ.

ನನಗೆ ಕೋಪ ಬಂತು. ಮೂರು ದಿನದಿಂದ ಅತ್ತಿರಲಿಲ್ಲ, ಕೋಪವೇ ಮೊದಲು ಬಂತು. “ಅವನದನ್ನ ಅವನೇ ತಗೊಂಡ ಕಣೋ. ಅರವತ್ತಾರು ವರ್ಷ, ನಲವತ್ತು ವರ್ಷ ಸಿಗರೇಟು, ಹೊಳೆ ಗಾಳಿ. ಬಸ್ಸಿಗೂ ಇದಕ್ಕೂ ಏನು ಸಂಬಂಧ? ನನ್ನ ಗಂಡನ ಸಾವನ್ನ ನಿನ್ನ ಚೆಂಡಾಟಕ್ಕೆ ಕಟ್ಟಬೇಡ.”

ಅವನು ತಲೆ ಆಡಿಸಿದ. ಒಪ್ಪಿದನೆಂದೇ ನಾನು ಪ್ಯಾನ್‌ಕೇಕಿನ ತಟ್ಟೆ ಅವನ ಕಡೆ ತಳ್ಳಿದೆ. ಆಗ ಮೆಲ್ಲಗೆ ಹೇಳಿದ:

“ಹಾಗಾದ್ರೆ ಅದು ಇನ್ನೂ ಬಂದಿಲ್ಲ.”

ಬಿತ್ತು ಎಂದರೆ ಪ್ರೋಖರನ ಮೇಲೆ ಬಿದ್ದ ಹಾಗೆ. ಇಲ್ಲ ಎಂದರೆ ಇವನ ಮೇಲೆ ಇನ್ನೂ ಬೀಳಬೇಕಾದ ಹಾಗೆ. ಯಾವುದನ್ನು ಹೇಳಲಿ? ಅಂದಿನಿಂದ ಆ ಕಾಯುವ ಕೆಲಸ ನನ್ನ ಪಾಲಿಗೂ ಬಂತು. ಪ್ರೋಖರ್ ಹೆದರುತ್ತಿದ್ದ ಜಾಗದಲ್ಲಿ ಈಗ ನಾನು ಹೆದರತೊಡಗಿದೆ.

ಆ ವರ್ಷದ ಕೊನೆಗೆ ಅವನು ದೊಡ್ಡ ತಂಡ ಬಿಟ್ಟು ಲುಗೊವ್ಸ್ಕ್‌ಗೆ ಬಂದುಬಿಟ್ಟ. ಜಿನಾಯಿದಾ ಅಲ್ಲೇ ಉಳಿದಳು. ಜಗಳವೇನೂ ಆಗಲಿಲ್ಲ, ಹೊಸ ವರ್ಷಕ್ಕೆ ಫೋನು ಮಾಡುತ್ತಿದ್ದಳು. ಯೆಫೀಮ್ ನಲವತ್ತರವರೆಗೆ ಬುಕ್ಸಿರ್‌ಗೆ ಗೋಲು ಕಾದ, ಆಮೇಲೆ ಚಿಕ್ಕವರಿಗೆ ಕಾಯುವುದು ಕಲಿಸಿದ. ನಮ್ಮ ಮನೆಯ ಇನ್ನರ್ಧ ಖಾಲಿಯಿತ್ತು, ಅದರಲ್ಲಿದ್ದ. ಬೆಳಿಗ್ಗೆ ಗೋಡೆ ತಟ್ಟುತ್ತಿದ್ದ: “ಗ್ಲಾಶತ್ತೆ, ಏನೂ ಆಗಿಲ್ಲ ತಾನೆ?” ನಾನೂ ಗೋಡೆ ತಟ್ಟುತ್ತಿದ್ದೆ. ಕೆಲವು ದಿನ ಅವನಿಗಿಂತ ಮೊದಲೇ ಎದ್ದು ಅವನು ತಟ್ಟುವುದಕ್ಕೆ ಕಾಯುತ್ತಿದ್ದೆ.

ನಮ್ಮ ಓಣಿ ಮೊದಲು ಆಲೂಗಡ್ಡೆಯ ಪಾತಿಗಳ ಪಕ್ಕದಿಂದ ಹಾದು ಮೇಲಿನ ಬೀದಿ ಸೇರುತ್ತಿತ್ತು. ಕಪಿತೋಲೀನಳ ಮೇಕೆ ಅಲ್ಲಿಂದ ನುಗ್ಗಿ ಎಲೆಕೋಸನ್ನೆಲ್ಲ ಮೇಯುತ್ತದೆಂದು ಯೆಫೀಮ್ ಒಂದು ಬೇಲಿ ಕಟ್ಟಿದ. ಚೆಂಡು ಹಿಡಿಯುವ ಕೈಗೆ ಸುತ್ತಿಗೆ ಒಗ್ಗಲಿಲ್ಲ, ಹಲಗೆಗಳು ಕುಡುಕರ ಹಾಗೆ ವಾಲಿದವು.

“ಇದು ಬೇಲಿಯಾ ಇಲ್ಲಾ ನಿಮ್ಮ ರಕ್ಷಣಾ ಸಾಲಾ? ನನ್ನ ಮೇಕೆ ಕಣ್ಣು ಮುಚ್ಕೊಂಡು ಗೋಲು ಹೊಡೆಯತ್ತೆ” ಎಂದಳು ಕಪಿತೋಲೀನಾ.

“ಹೊಡೀಲಿ ನೋಡೋಣ. ನಿನ್ನ ಮೇಕೆಗಿಂತ ದೊಡ್ಡೋರನ್ನ ನೋಡಿದೀನಿ” ಎಂದ. ಬೇಲಿ ನಿಂತಿತು, ಮೇಕೆಯೂ ನಿಂತಿತು. ಓಣಿ ಮಾತ್ರ ಅಲ್ಲಿಗೇ ಮುಗಿಯಿತು.

ಎರಡು ಸಾವಿರದ ಹತ್ತೊಂಬತ್ತರ ಸೆಪ್ಟೆಂಬರಿನಲ್ಲಿ, ಮುಸ್ಸಂಜೆಯ ಹೊತ್ತು, ಇಬ್ಬರೂ ಆಲೂಗಡ್ಡೆ ಕೀಳುತ್ತಿದ್ದೆವು. ಅವನು ಅಗೆಯುತ್ತಿದ್ದ, ನಾನು ಆರಿಸುತ್ತಿದ್ದೆ. ಗುದ್ದಲಿಯ ಸದ್ದು ನಿಂತಿತು. ತಲೆ ಎತ್ತಿದರೆ ಅವನು ಗುದ್ದಲಿಗೆ ಒರಗಿ ನಿಂತಿದ್ದ, ಮುಖ ಬೂದಿಯ ಬಣ್ಣ.

“ಎದೆ ಮೇಲೆ ಯಾರೋ ಕೂತ ಹಾಗಿದೆ” ಎಂದ. ಆಮೇಲೆ ನನ್ನ ಮುಖ ನೋಡಿ, “ಬಂತು ಅನ್ಸತ್ತೆ” ಎಂದ.

ಕಪಿತೋಲೀನಾ ಫೋನು ಮಾಡಿದಳು. ಆಂಬುಲೆನ್ಸು ಬೇಗನೇ ಬಂತು, ಓಣಿಯ ತುದಿಯವರೆಗೆ, ಬೇಲಿಗೆ ಮೂಗು ತಾಗುವಷ್ಟು ಮುಂದೆ ಬಂದು ನಿಂತಿತು. ಒಬ್ಬ ಚಾಲಕ, ಒಬ್ಬಳು ದಾದಿ. ಸೂಜಿ ಚುಚ್ಚಿದರು, ಮೂಗಿಗೆ ಆಮ್ಲಜನಕದ ಮಾಸ್ಕು ಕಟ್ಟಿದರು, ಮಲಗಿಸಿ ಒಳಗೆ ಹಾಕಿದರು. ಚಾಲಕ ತನ್ನ ಜಾಗದಲ್ಲಿ ಕೂತು ಕನ್ನಡಿ ನೋಡಿದ. ಹಿಂದಿನ ಬಿಳಿ ದೀಪ ಹತ್ತಿತು.

ಯೆಫೀಮ್ ಮಲಗಿದಲ್ಲಿಂದ ಆ ದೀಪದ ಬೆಳಕು ಇನ್ನೂ ಮುಚ್ಚದ ಬಾಗಿಲಾಚೆ ಓಣಿಯ ನೆಲದ ಮೇಲೆ ಬಿದ್ದದ್ದನ್ನು ನೋಡಿದ. ನನ್ನನ್ನು ನೋಡಿದ. ಮೂವತ್ತಾರು ವರ್ಷದ ಹಿಂದೆ ಕನ್ನಡಿಯಲ್ಲಿ ಪ್ರೋಖರನನ್ನು ನೋಡಿದ್ದು ಹೀಗೇ ಇರಬೇಕು.

ನಾನು ಹೋಗಿ ಚಾಲಕನ ಕಿಟಕಿ ಬಡಿದೆ. “ಹಿಂದಕ್ಕೆ ಹೋಗ್ಬೇಡಪ್ಪಾ.”

“ಮತ್ತೆಲ್ಲಿಗೆ ಹೋಗ್ಲಿ ಅಜ್ಜಿ? ಇದು ಹೆಲಿಕಾಪ್ಟರ್ ಅಲ್ಲ.”

“ಮುಂದಕ್ಕೆ. ಬೇಲಿ ಆಚೆ ದಾರಿ ಇದೆ, ಮೇಲಿನ ಬೀದಿಗೆ ಹೋಗತ್ತೆ.”

ದಾದಿ ಹಿಂದಿನಿಂದ ಕಿರುಚಿದಳು: “ಏನಜ್ಜಿ ನಿಮ್ಮದು! ಒಂದೊಂದು ನಿಮಿಷವೂ ಲೆಕ್ಕ ಇಲ್ಲಿ. ಅವರ ನಾಡಿ ಓಡ್ತಿರೋದು ನೋಡಿ!”

ನನಗೂ ಗೊತ್ತಿತ್ತು. ತಡವಾಗಿ ಅವನು ಹೋದರೆ ಅದು ನನ್ನಿಂದ. ಹಿಂದಕ್ಕೆ ಹೋಗಿ ಅವನು ಹೋದರೆ, ಆ ದೀಪ ನೋಡುತ್ತಾ ಹೋಗುತ್ತಾನೆ. ಎರಡನ್ನೂ ತೂಗುತ್ತ ನಿಲ್ಲಲು ಹೊತ್ತಿರಲಿಲ್ಲ. ಅವನ ಗುದ್ದಲಿ ಪಕ್ಕದಲ್ಲೇ ಬಿದ್ದಿತ್ತು, ಎತ್ತಿಕೊಂಡೆ. ಬೇಲಿಯ ಮೊದಲ ಹಲಗೆಗೆ ಬೀಸಿದೆ. ಎಂಬತ್ತು ದಾಟಿದ ಕೈ, ಹಲಗೆ ಬರೀ ಅಲುಗಿತು. ಕಪಿತೋಲೀನಾ ಓಡಿ ಬಂದು, ಏಕೆ ಏನು ಎಂದು ಕೇಳದೆ, ಇನ್ನೊಂದು ಹಲಗೆಗೆ ಜೋತುಬಿದ್ದಳು. ಜನ್ಮದಲ್ಲಿ ಅವಳು ಕಾರಣ ಕೇಳದ ದಿನ ಅದೊಂದೇ.

ಚಾಲಕ ನಮ್ಮಿಬ್ಬರನ್ನು ನೋಡಿದ. ಕನ್ನಡಿಯಲ್ಲಿ ಯೆಫೀಮನನ್ನು ನೋಡಿದ. “ಫುಟ್‌ಬಾಲ್ ಆಡ್ತಿದ್ರಾ ಇವರು?” ಎಂದ.

“ಗೋಲು ಕಾಯ್ತಿದ್ದ” ಎಂದೆ.

“ಮೊದಲೇ ಹೇಳಬಾರದಿತ್ತಾ? ಸರೀರಿ ಪಕ್ಕಕ್ಕೆ, ಇಬ್ರೂ. ಹಲಗೆ ಕಾಲಿಗೆ ಬಡಿದೀತು.”

ಬಿಳಿ ದೀಪ ಆರಿತು. ಗಾಡಿ ಮೂಗಿನಿಂದ ಬೇಲಿಯನ್ನು ಒತ್ತಿತು. ಬುಡ ಕೊಳೆತಿದ್ದ ಕಂಬಗಳು ಒಂದೊಂದಾಗಿ ಲಟಕ್ಕೆಂದು ಮುರಿದವು, ಬೇಲಿ ಪೂರಾ ಮುಂದಕ್ಕೆ ಮಲಗಿತು. ಗಾಡಿ ಅದರ ಮೇಲೆ ಹತ್ತಿ, ಅಗೆದ ಪಾತಿಯ ಅಂಚಿನಲ್ಲಿ ಒಮ್ಮೆ ವಾಲಿ, ನೆಟ್ಟಗಾಗಿ ಆಚೆ ದಾರಿಗೆ ಮುಟ್ಟಿತು. ಒಂದು ಬಾರಿಯೂ ಹಿಂದಕ್ಕೆ ಸರಿಯಲಿಲ್ಲ.

ಆಗ ಅವನ ಗುರುತಿನ ಚೀಟಿ, ಚಪ್ಪಲಿ, ಲೋಟ ಹಾಕಿಟ್ಟಿದ್ದ ಚೀಲ ನನ್ನ ತೋಳಲ್ಲೇ ಉಳಿದದ್ದು ನೆನಪಾಯಿತು. ಮುರಿದ ಹಲಗೆಗಳ ಮೇಲೆ ಎಡವುತ್ತ ಓಡಿದೆ. ಗಾಡಿ ನಿಂತಿತು, ದಾದಿ ಬೈಯುತ್ತ ಬಾಗಿಲು ತೆರೆದಳು. ಚೀಲ ಕೊಟ್ಟೆ. ಯೆಫೀಮ್ ಆ ದೊಡ್ಡ ಕೈಯಿಂದ ಮಾಸ್ಕು ಸ್ವಲ್ಪ ಎತ್ತಿದ. ಎಂದಿನ ಮಾತನ್ನೇ ಕೇಳುತ್ತಾನೆಂದು ಉತ್ತರ ನಾಲಗೆಯ ಮೇಲೆ ಇಟ್ಟುಕೊಂಡಿದ್ದೆ. ಅವನ ಕಣ್ಣು ನನ್ನನ್ನು ದಾಟಿ ಹಿಂದೆ ನೋಡುತ್ತಿತ್ತು. ಕಪಿತೋಲೀನಳ ಮೇಕೆ ಆಗಲೇ ಬಿದ್ದ ಹಲಗೆಗಳ ಮೇಲೆ ಕಾಲಿಟ್ಟಿತ್ತು.

“ಗ್ಲಾಶತ್ತೆ, ಎಲೆಕೋಸೆಲ್ಲ ಹೋಗತ್ತೆ. ಬೇಲಿ ಯಾರು ಕಟ್ತಾರೆ?”